ಗುಲಾಬಿ ನಮ್ಮದು, ಹಬ್ಬ ಯಾರದು?

ಫೆಬ್ರವರಿ ಎರಡನೇ ವಾರ ಬಂತೆಂದರೆ ಹೊಸೂರು ಸೀಮೆಗೆ ಪುರುಸೊತ್ತಿಲ್ಲ. ಹಗಲು ಹೂವಿನ ಲೆಕ್ಕ, ಸಂಜೆ ಎತ್ತಿನ ಓಟದ ಮಾತು, ರಾತ್ರಿ ಪಾಂಡವರ ಕಥೆ. ನಡುವೆ ಪ್ರೇಮಿಗಳ ದಿನ!

ಫೆಬ್ರವರಿ 14ರಂದು ದೇಶದ ಯಾವುದೋ ಊರಲ್ಲಿ ಒಬ್ಬ ಹುಡುಗ ಬೈಕು ಹತ್ತಿ ಹೊರಡುತ್ತಾನೆ ಅಂದುಕೊಳ್ಳಿ. ಕೈಯಲ್ಲಿ ವಾಚು, ಜೇಬಲ್ಲಿ ಉಂಗುರ, ಮುಂದೆ ಸಿಕ್ಕಿಸಿಕೊಂಡ ಒಂದು ಕೆಂಪು ಗುಲಾಬಿ. ಬೈಕು ಟಿವಿಎಸ್, ವಾಚು ಟೈಟಾನ್, ಉಂಗುರ ತನಿಷ್ಕ್, ಗುಲಾಬಿ ‘ತಾಜ್‌ಮಹಲ್’ ತಳಿಯದಾಗಿದ್ದರೆ ಆ ನಾಲ್ಕೂ ನಮ್ಮ ಹೊಸೂರಿನ ನೀರು ಕುಡಿದೇ ಹೊರಟಿರುವ ಸಂಭವ ಹೆಚ್ಚು. ಟಿವಿಎಸ್ 50 ಮೊಪೆಡ್ಡು ಇಲ್ಲಿಂದ ರಸ್ತೆಗಿಳಿದದ್ದು 1980ರಲ್ಲಿ. ಟಾಟಾದವರೂ ತಮಿಳುನಾಡು ಸರ್ಕಾರದ ಟಿಡ್ಕೊ ನಿಗಮವೂ ಸೇರಿ ಟೈಟಾನ್ ಕಂಪನಿ ಕಟ್ಟಿದ್ದು 1984ರಲ್ಲಿ. ಗುಲಾಬಿಯ ಪಾಲಿಹೌಸುಗಳು ಎದ್ದದ್ದು ಅದಾದ ಮೇಲೆ, 1991ರ ಉದಾರೀಕರಣದ ನಂತರದ ವರ್ಷಗಳಲ್ಲಿ.

ಪ್ರೇಮಿಗಳಿಗೆ ಬೇಕಾದ ಸಾಮಾನೆಲ್ಲ ತಯಾರಾಗುವ ಈ ಸೀಮೆಯಲ್ಲಿ, ಆ ವಾರ ಇಲ್ಲಿನವರು ಏನು ಮಾಡ್ತಾರೆ? ಎಲ್ಲಿಗೆ ಹೋಗ್ತಾರೆ? ಯಾವ ಆಟ ನೋಡ್ತಾರೆ? ಗಡಿಯ ಆಚೆ ಈಚೆ ಎರಡೂ ಕಡೆ ವ್ಯವಹಾರ ಇರುವ ರೈತರಿಗೂ ವ್ಯಾಪಾರಿಗಳಿಗೂ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಹೂವಿನ ದುಡ್ಡಿಗೂ ಊರಿನ ಆಟಕ್ಕೂ ನಂಟಿದೆ.

ಡಿಸೆಂಬರಿನಲ್ಲೇ ಕತ್ತರಿ

ಹೊಸೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರ. ಬೆಂಗಳೂರಿನ ಹವೆಯೇ ಇಲ್ಲಿನ ಹವೆ. ಬಾಗಲೂರು, ಬೇರಿಗೆ, ತಳ್ಳಿ, ದೆಂಕಣಿಕೋಟೆ, ಕೆಲಮಂಗಲ ಕಡೆಯ ಹಗಲ ಬಿಸಿಲು, ರಾತ್ರಿಯ ತಂಪು ಗುಲಾಬಿಗೆ ಹೇಳಿ ಮಾಡಿಸಿದಂತಿವೆ. ಹೊಸೂರು ಬಳಿಯ ಅಮುದಗೊಂಡಪಳ್ಳಿಯಲ್ಲಿ ಟಿಡ್ಕೊ ಸಹಭಾಗಿತ್ವದ ‘ತಾನ್‌ಫ್ಲೋರಾ’ ಪುಷ್ಪ ಪಾರ್ಕು ಸ್ಥಾಪನೆಯಾಗಿದ್ದೂ ಈ ಹವೆಯನ್ನು ನಂಬಿಯೇ. ದೊಡ್ಡವರ ಜೊತೆಗೆ ಅರ್ಧ ಎಕರೆ, ಒಂದು ಎಕರೆ ಪಾಲಿಹೌಸು ಹಾಕಿಕೊಂಡ ಸಣ್ಣ ರೈತರೂ ಈ ಬೆಳೆಗೆ ಬಿದ್ದರು.

ಪ್ರೇಮಿಗಳ ದಿನದ ಗುಲಾಬಿಗೆ ಪೂಜೆ ಶುರುವಾಗೋದು ಡಿಸೆಂಬರಿನಲ್ಲಿ. ಗಿಡ ಪ್ರೂನಿಂಗ್ ಮಾಡಿದ ಮೇಲೆ ಹೂ ಕೈಗೆ ಬರಲು ಸುಮಾರು 45ರಿಂದ 55 ದಿನ ಬೇಕು. ಹೊರದೇಶಕ್ಕೆ ಹೋಗುವ ಮಾಲು ಜನವರಿ ಕೊನೆಯಿಂದ ಫೆಬ್ರವರಿ 10ರೊಳಗೆ ವಿಮಾನ ಹತ್ತಬೇಕು. ದೇಶದೊಳಗಿನ ಮಾಲಿಗೆ 12, 13ರವರೆಗೂ ಅವಕಾಶ. ಆದ್ದರಿಂದ ಕತ್ತರಿ ಹಾಕುವ ದಿನವನ್ನು ಮದುವೆ ಮುಹೂರ್ತ ನೋಡಿದ ಹಾಗೆ ನೋಡಬೇಕು.

ಆದರೆ ಗಿಡಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ಚಳಿ ಗೊತ್ತು. ಮಾಗಿ ಜೋರಾದರೆ ಮೊಗ್ಗು ನಿಧಾನ, ಹೂ 16ಕ್ಕೋ 17ಕ್ಕೋ ಅರಳುತ್ತೆ. ಸೆಕೆ ಬೇಗ ಬಂದರೆ ಫೆಬ್ರವರಿ ಹುಟ್ಟುವ ಮೊದಲೇ ಅರಳಿ ನಿಲ್ಲುತ್ತೆ. ಎರಡೂ ನಷ್ಟವೇ. ಬೆಳಗಿನ ಮಂಜು ಪಾಲಿಹೌಸಿನೊಳಗೆ ನಿಂತರೆ ಎಲೆಗೆ ಬೂಜು, ಮೊಗ್ಗಿಗೆ ಕೊಳೆ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಪರದೆ ಎತ್ತಿ ಗಾಳಿ ಆಡಿಸೋದು. ಮೊಗ್ಗು ದಪ್ಪಗೆ, ಬಿಗಿಯಾಗಿ ಬರಲೆಂದು ಒಂದೊಂದಕ್ಕೂ ಬಲೆಯ ಟೋಪಿ ಹಾಕೋದು. ಮಕ್ಕಳಿಗೆ ಕುಲಾವಿ ಹಾಕಿದ ಹಾಗೆ! ಈ ಕೆಲಸದಲ್ಲಿ ಹೆಂಗಸರ ಕೈಯೇ ಹೆಚ್ಚು. ಕೊಯ್ದ ಹೂವನ್ನು ನೀರಿಗಿಟ್ಟು, ಕಡ್ಡಿಯ ಉದ್ದ ಅಳೆದು, 20ರ ಕಟ್ಟು ಕಟ್ಟಿ ತಂಪು ಕೋಣೆಗೆ ಸಾಗಿಸಬೇಕು. ಕಡ್ಡಿ ಉದ್ದ, ನೇರ ಇದ್ದಷ್ಟೂ ರೇಟು. ಗಿಡ್ಡವಾದದ್ದು, ಡೊಂಕಾದದ್ದು ಲೋಕಲ್ಲಿಗೆ.

ಏಳು ದಿನದ ರೇಟು

ಫೆಬ್ರವರಿ 7ರಂದು ಪೇಟೆ ಹುಡುಗರ ಲೆಕ್ಕದಲ್ಲಿ ‘ರೋಸ್ ಡೇ’. ಅಲ್ಲಿಂದ 14ರವರೆಗೆ ಫೋನು ಕೆಳಗಿಡೋ ಹಾಗಿಲ್ಲ. “ಏನಣ್ಣಾ, ಇವತ್ತೆಷ್ಟು ಹೋಯ್ತು?” ಅನ್ನೋದು ಆ ವಾರದ ನಮಸ್ಕಾರ. ಹೊಸೂರಿನ ಹೂ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೂ ಹೋಗುತ್ತೆ, ಹೆಬ್ಬಾಳದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರಕ್ಕೂ ಹೋಗುತ್ತೆ, ದೇವನಹಳ್ಳಿಯಿಂದ ವಿಮಾನ ಹತ್ತಿ ಸಿಂಗಪುರ, ಮಲೇಷ್ಯಾ, ಕೊಲ್ಲಿ ದೇಶ, ಯುರೋಪಿಗೂ ಹೋಗುತ್ತೆ. ಆದರೆ ಅದೇ ವಾರ ಆಫ್ರಿಕದ ಕೀನ್ಯಾ, ಇಥಿಯೋಪಿಯಾ ಹೂವೂ ಯುರೋಪಿನಲ್ಲಿ ಇಳಿಯುತ್ತೆ. ಅವರು ಸಮಭಾಜಕ ವೃತ್ತದ ಹತ್ತಿರದ ಎತ್ತರದ ನಾಡಿನವರು. ಬಿಸಿಲೂ ಧಾರಾಳ, ತಂಪೂ ಧಾರಾಳ. ಅವರ ಜೊತೆ ಪೈಪೋಟಿ ಅಂದರೆ ಹುಡುಗಾಟವಲ್ಲ.

ಈ ಕಾರಣಕ್ಕೇ ನಮ್ಮ ಎಷ್ಟೋ ಬೆಳೆಗಾರರು ವಿಮಾನಕ್ಕಿಂತ ಕಲ್ಯಾಣ ಮಂಟಪವನ್ನೇ ನೆಚ್ಚಿಕೊಂಡಿದ್ದಾರೆ. ಧನುರ್ಮಾಸ ಕಳೆದು ಸಂಕ್ರಾಂತಿ ಆದ ಮೇಲೆ ಮುಹೂರ್ತಗಳ ಸಾಲು. ಪ್ರೇಮಿಗಳ ದಿನ ವರ್ಷಕ್ಕೊಂದು, ಮದುವೆ ನೂರಾರು. ಫೆಬ್ರವರಿಯಲ್ಲಿ ಎರಡೂ ಕೂಡಿ ಬಂದರೆ ರೈತನ ಪಾಲಿಗೆ ಹಬ್ಬ. 15ನೇ ತಾರೀಕು ಬೆಳಿಗ್ಗೆ ಅದೇ ಕೆಂಪು ಕಟ್ಟನ್ನು ಯಾರೂ ಹಾಗೆ ಮುತ್ತಿಕೊಳ್ಳೋದಿಲ್ಲ. ಮದುವೆ ಮನೆಗಾದರೆ ಬಿಳಿ, ಹಳದಿ, ತಿಳಿ ಗುಲಾಬಿ ಬಣ್ಣವೂ ನಡೆಯುತ್ತೆ. ಎಲ್ಲಾ ಮೊಟ್ಟೆ ಒಂದೇ ಬುಟ್ಟಿಗೆ ಇಡಬಾರದು ಅನ್ನೋದನ್ನ ಕೊರೊನಾ ವರ್ಷ ಕಲಿಸಿತು. 2020ರ ಮಾರ್ಚ್ ಲಾಕ್‌ಡೌನಿನಲ್ಲಿ ಮದುವೆಯೂ ಇಲ್ಲ, ದೇವಸ್ಥಾನವೂ ಇಲ್ಲ, ವಿಮಾನವೂ ಇಲ್ಲ. ಹೂ ಗಿಡದಲ್ಲೇ ಬಾಡಿತು, ಕೊಯ್ದದ್ದು ತಿಪ್ಪೆ ಸೇರಿತು. ಈಚೆಗೆ ಮಂಟಪಗಳಿಗೆ ನುಗ್ಗಿರುವ ಪ್ಲಾಸ್ಟಿಕ್ ಹೂವಿನ ಮೇಲೆ ಬೆಳೆಗಾರರಿಗೆ ಸಿಟ್ಟಿರೋದಕ್ಕೂ ಕಾರಣ ಇದೇ. ಒಮ್ಮೆ ಕೊಂಡ ಪ್ಲಾಸ್ಟಿಕ್ ಮಾಲೆ ಹತ್ತು ಮದುವೆಗೆ ಆಗುತ್ತೆ, ಹತ್ತು ಮದುವೆಯ ಹೂ ತೋಟದಲ್ಲೇ ಉಳಿಯುತ್ತೆ.

ಹೂವಿನ ದಾರಿಯಲ್ಲಿ ಇನ್ನೊಂದು ಗಂಡಾಂತರ ಗಡಿ. ಅತ್ತಿಬೆಲೆಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನ ಕಾಟ 2017ರ ಜುಲೈ 1ರ ಜಿಎಸ್‌ಟಿ ಜೊತೆಗೆ ಮುಗಿಯಿತು. ಆದರೆ ಕಾವೇರಿ ಕಾವು ಏರಿದಾಗ ಬಸ್ಸು ನಿಲ್ಲೋದು ಅದೇ ಅತ್ತಿಬೆಲೆ, ಜೂಜುವಾಡಿ ನಡುವೆ. 1991ರ ಡಿಸೆಂಬರ್, 2016ರ ಸೆಪ್ಟೆಂಬರ್ ಯಾರು ಮರೆತಾರು? ಜನ ಗಂಟು ಹೊತ್ತು ಗಡಿ ದಾಟಿ ನಡೆದರು. ಜನ ನಡೆಯಬಹುದು. ಗುಲಾಬಿಗೆ ಕಾಲಿಲ್ಲ, ಮೂರು ದಿನದ ಆಯಸ್ಸು ಮಾತ್ರ ಇದೆ.

ಘಾಟಿ ಇಳಿದರೆ ಎತ್ತಿನ ಗೆಜ್ಜೆ

ಶೂಲಗಿರಿ ದಾಟಿ ಕೃಷ್ಣಗಿರಿಗೆ ಇಳಿಯುತ್ತಿದ್ದಂತೆ ಗಾಳಿ ಬೆಚ್ಚಗಾಗುತ್ತೆ. ಗುಲಾಬಿ ಹೋಗಿ ಮಾವು ಬರುತ್ತೆ. ಅದೇ ಫೆಬ್ರವರಿಯಲ್ಲಿ ತೋತಾಪುರಿ ಮರಗಳು ಹೂ ಹೊತ್ತು ನಿಂತಿರುತ್ತವೆ. ಮಂಜು ಬಿದ್ದರೆ ಬೂದಿರೋಗ, ಮೋಡ ಕವಿದರೆ ಜಿಗಿಹುಳು. ಮೇಲಿನವರಿಗೆ ಗುಲಾಬಿಯ ಚಿಂತೆ, ಕೆಳಗಿನವರಿಗೆ ಮಾವಿನ ಹೂವಿನ ಚಿಂತೆ. ಅಂದಹಾಗೆ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆ ಹುಟ್ಟಿದ್ದೂ ಇದೇ ವಾರದಲ್ಲಿ, 2004ರ ಫೆಬ್ರವರಿ 9ರಂದು.

ಚಿಂತೆ ಮರೆಸೋಕೆ ಎತ್ತಿದೆ! ಸಂಕ್ರಾಂತಿಗೆ ಶುರುವಾದ ‘ಎರುದು ವಿಡುದಲ್’, ನಮ್ಮ ಮಾತಿನಲ್ಲಿ ಎತ್ತು ಬಿಡುವ ಹಬ್ಬ, ಊರಿಂದೂರಿಗೆ ಫೆಬ್ರವರಿಯಲ್ಲೂ ಸಾಗುತ್ತೆ. ಮಧುರೆ ಕಡೆಯ ಜಲ್ಲಿಕಟ್ಟಿನ ಹಾಗೆ ಡುಬ್ಬ ಹಿಡಿದು ನೇತಾಡುವ ಆಟ ಇದಲ್ಲ. ಮೈತೊಳೆದು, ಕೊಂಬಿಗೆ ಅಲಂಕಾರ ಕಟ್ಟಿ, ಎರಡು ಕಡೆ ಜನ ನಿಂತ ಬೀದಿಯಲ್ಲಿ ಎತ್ತನ್ನು ಓಡಿಸೋದು. ಹಾವೇರಿ, ಶಿಕಾರಿಪುರ ಕಡೆಯವರು ಬಂದು ನೋಡಿದರೆ “ಅರೆ, ಇದು ನಮ್ಮ ಕೊಬ್ಬರಿ ಹೋರಿ ಹಬ್ಬದ ದಾಯಾದಿ” ಅಂದಾರು.

ಈ ಆಟದ ಹಿಂದೆ ಕೋರ್ಟಿನ ಕಥೆಯೂ ಉಂಟು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲ ತೀರದಲ್ಲಿ ಜನ ಸೇರಿದ ಮೇಲೆ ತಮಿಳುನಾಡು ಕಾನೂನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡಿನ ಜಲ್ಲಿಕಟ್ಟು, ಕರ್ನಾಟಕದ ಕಂಬಳ, ಮಹಾರಾಷ್ಟ್ರದ ಗಾಡಿ ಓಟ ಮೂರರ ಕಾನೂನನ್ನೂ ಎತ್ತಿ ಹಿಡಿಯಿತು. ಆದರೂ ಪ್ರತಿ ಊರಿಗೂ ಜಿಲ್ಲಾಡಳಿತದ ಅನುಮತಿ ಬೇಕು. 2023ರ ಫೆಬ್ರವರಿ 2ರಂದು ಹೊಸೂರು ಹತ್ತಿರದ ಗೋಪಚಂದ್ರದಲ್ಲಿ ಅನುಮತಿ ತಡವಾಯಿತೆಂದು ಜನ ಬೆಂಗಳೂರು-ಚೆನ್ನೈ ಹೆದ್ದಾರಿಗೇ ಕೂತರು. ಗಂಟೆಗಟ್ಟಲೆ ವಾಹನ ನಿಂತವು, ಕಲ್ಲು ಬಿದ್ದವು, ಬಸ್ಸಿನ ಗಾಜು ಒಡೆದವು. ಪ್ರೇಮಿಗಳ ದಿನಕ್ಕೆ ಹನ್ನೆರಡೇ ದಿನ ಇದ್ದಾಗ ಆ ರಸ್ತೆ ಮುಚ್ಚಿದರೆ ಹೂವಿನವನ ಗತಿಯೇನು? ಎತ್ತು ಬಿಡುವವನೂ ಹೂ ಬೆಳೆಯುವವನೂ ಒಂದೇ ಮನೆಯವನಿದ್ದಾನು. ಅರ್ಜಿ ಮುಂಚೆಯೇ ಹೋಗಬೇಕು, ಉತ್ತರ ಮುಂಚೆಯೇ ಬರಬೇಕು. ಎರಡೂ ಕಡೆ ತಡ ಮಾಡಿದರೆ ಏಟು ಬೀಳೋದು ರೈತನಿಗೇ.

ರಾತ್ರಿಯೆಲ್ಲಾ ಪಾಂಡವರು

ಕತ್ತಲಾದ ಮೇಲೆ ಈ ಸೀಮೆಯ ನಿಜವಾದ ಮನರಂಜನೆ ಕಣ್ಣುಬಿಡುತ್ತೆ. ತಮಿಳಿನಲ್ಲಿ ‘ತೆರುಕ್ಕೂತ್ತು’, ಅಂದರೆ ಬೀದಿಯಾಟ. ಗಡಿಯ ಈಚೆ ಮಾಲೂರು, ಕೋಲಾರದ ಕಡೆ ಇದೇ ರಕ್ತದ ಆಟಕ್ಕೆ ‘ಕೇಳಿಕೆ’ ಅಂತಾರೆ. ಇನ್ನೂ ಪಡುವಣಕ್ಕೆ ಹೋದರೆ ‘ಮೂಡಲಪಾಯ’. ಹೆಸರು ಬೇರೆ, ಒಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ. ಮರದ ಕಿರೀಟ, ಭುಜಕೀರ್ತಿ, ಮುಖಕ್ಕೆ ಬಣ್ಣ, ಮದ್ದಳೆ, ತಾಳ, ಕೀರಲು ದನಿಯ ಮುಖವೀಣೆ. ಆ ಕಡೆ ನಗಿಸೋಕೆ ಕಟ್ಟಿಯಕ್ಕಾರನ್, ಈ ಕಡೆ ಕೋಡಂಗಿ. ರಾಜ ಬಂದರೂ ಮೊದಲು ಇವನ ಬಾಯಿಗೆ ಸಿಕ್ಕಿಬಿದ್ದೇ ಒಳಗೆ ಬರಬೇಕು.

ಸುಗ್ಗಿ ಮುಗಿದು ಬೇಸಿಗೆ ಹತ್ತಿರವಾಗುವಾಗ ದ್ರೌಪದಮ್ಮನ ಗುಡಿಗಳಲ್ಲಿ ಭಾರತ ಓದಿಸುವ ಕಾಲ. ಹಲವು ಕಡೆ ಹದಿನೆಂಟು ದಿನ. ಹಗಲು ಪುರಾಣ ಹೇಳೋದು, ರಾತ್ರಿ ಅದನ್ನೇ ಆಡೋದು. ಅರ್ಜುನ ವೇಷದವನು ಎತ್ತರದ ‘ತಪಸ್ಸಿನ ಮರ’ ಹತ್ತಿ ಹಾಡುತ್ತಾ ಮೇಲಿಂದ ನಿಂಬೆಹಣ್ಣು, ಬಾಳೆಹಣ್ಣು ಎಸೆಯುತ್ತಾನೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಮಡಿಲೊಡ್ಡುತ್ತಾರೆ. ಕೊನೆಯ ದಿನ ಬಯಲಲ್ಲಿ ಮಣ್ಣಿನ ದೊಡ್ಡ ದುರ್ಯೋಧನ ಮಲಗಿರುತ್ತಾನೆ. ಭೀಮ ತೊಡೆ ಮುರಿಯುತ್ತಾನೆ, ದ್ರೌಪದಿ ಮುಡಿ ಕಟ್ಟುತ್ತಾಳೆ, ಸಂಜೆಗೆ ಕೊಂಡ ಹಾಯುವುದು. ಬೆಂಗಳೂರು ಕರಗ, ಆನೇಕಲ್ ಕರಗ ನೋಡಿದವರಿಗೆ ಈ ತಾಯಿಯ ಪರಿಚಯ ಮಾಡಿಕೊಡಬೇಕಿಲ್ಲ. ಕೃಷ್ಣಗಿರಿಯ ಕೂತ್ತಿನಲ್ಲಿ ಮುಡಿ ಕಟ್ಟಿದವಳೂ ಬೆಂಗಳೂರಿನ ಪೇಟೆಯಲ್ಲಿ ಹೂವಿನ ಕರಗವಾಗಿ ಹೊರಡುವವಳೂ ಅವಳೇ.

ಇಲ್ಲೇ ಹೊಸೂರಿನ ಪಕ್ಕ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿದ ರಾಜಾಜಿಯವರು ಮುಂದೆ ಮಹಾಭಾರತವನ್ನು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಸರಳವಾಗಿ ಬರೆದು ಲೋಕಕ್ಕೆಲ್ಲ ಹಂಚಿದರು. ಓದು ಬಾರದವರಿಗೆ ಅದೇ ಕಥೆಯನ್ನು ಬೀದಿಯಲ್ಲಿ ಹಂಚಿದವರು ಈ ಆಟದವರು.

ಭಾಷೆಯ ವಿಷಯವೂ ನೋಡಿ. ಈ ಗಡಿಯಲ್ಲಿ ತೆಲುಗು ಮನೆಮಾತಿನವರು ಕನ್ನಡದಲ್ಲಿ ಲೆಕ್ಕ ಹೇಳ್ತಾರೆ, ತಮಿಳಿನಲ್ಲಿ ಅರ್ಜಿ ಬರೀತಾರೆ. ಕೈವಾರ ತಾತಯ್ಯನವರ ತೆಲುಗು ತತ್ವಪದಗಳನ್ನು ಕನ್ನಡ ಲಿಪಿಯಲ್ಲಿ ಓದಿಕೊಂಡು ಭಜನೆ ಮಾಡೋದು ಕೋಲಾರ ಕಡೆ ಮಾಮೂಲು. ಶಿವರಾತ್ರಿ ಜಾಗರಣೆಗೆ ಮೂರೂ ಭಾಷೆ ಬೇಕು. 2018ರಲ್ಲಿ ಶಿವರಾತ್ರಿ ಬಿದ್ದದ್ದು ಫೆಬ್ರವರಿ 13ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ. ಅಂಥ ವರ್ಷ ಹೂವಿನವರಿಗೆ ಪ್ರೇಮಿಯೂ ಗಿರಾಕಿ, ಶಿವನೂ ಗಿರಾಕಿ!

ಆದರೆ 2006ರ ತಮಿಳು ಕಲಿಕಾ ಕಾಯಿದೆಯ ನಂತರ ಮಕ್ಕಳು ಶಾಲೆಯಲ್ಲಿ ತಮಿಳು ಕಡ್ಡಾಯವಾಗಿ ಓದುತ್ತಿದ್ದಾರೆ. ಅದು ತಪ್ಪೇನಲ್ಲ, ಬದುಕಿಗೆ ಬೇಕು. ಅದರ ಜೊತೆಗೆ ಮನೆಯಲ್ಲಿ ಕನ್ನಡ ಅಕ್ಷರ ಕಲಿಸುವವರಿಲ್ಲದೆ ಹೋದರೆ ಭಾಗವತರ ಹಳೇ ಪುಸ್ತಕ ಬಿಡಿಸಿ ಓದುವವರು ಯಾರು? ಹಾಡು ಬಾಯಲ್ಲಿ ಉಳಿದರೂ ಪಠ್ಯ ಪೆಟ್ಟಿಗೆಯಲ್ಲೇ ಗೆದ್ದಲಿಗೆ ಆಹಾರವಾದೀತು.

ಜೋಡಿಗಳು ಎಲ್ಲಿಗೆ?

ಇನ್ನು ಹರೆಯದವರ ಮಾತು. ಫ್ಯಾಕ್ಟರಿ ಶಿಫ್ಟು ಬಿಟ್ಟ ಹುಡುಗ ಹುಡುಗಿಯರಿಗೆ ಮೊದಲ ಜಾಗ ಸಿನಿಮಾ. ಹೊಸೂರಿನಲ್ಲಿ ತಮಿಳು, ತೆಲುಗು, ಕನ್ನಡ, ಹಿಂದಿ ನಾಲ್ಕೂ ಓಡುತ್ತವೆ. ಎರಡನೆಯದು ಚಂದ್ರಚೂಡೇಶ್ವರನ ಬೆಟ್ಟ. ಸಾಮಾನ್ಯವಾಗಿ ಮಾರ್ಚಿನಲ್ಲಿ ಬರುವ ಅವನ ತೇರಿಗೆ ಮೂರು ಭಾಷೆಯವರೂ ಹಗ್ಗ ಹಿಡಿಯುತ್ತಾರೆ. ಫೆಬ್ರವರಿಯ ಸಂಜೆ ಅಲ್ಲಿಂದ ಊರು ನೋಡೋದೇ ಒಂದು ಸೊಗಸು. ಕೃಷ್ಣಗಿರಿ ಕಡೆಯವರಿಗೆ 1950ರ ದಶಕದಲ್ಲಿ ಕಟ್ಟಿದ ಕೆಆರ್‌ಪಿ ಅಣೆಕಟ್ಟಿನ ಉದ್ಯಾನ, ಅವದಾನಪಟ್ಟಿ ಕೆರೆಯ ದೋಣಿ. ಇನ್ನೂ ದೂರ ಹೋಗುವವರಿಗೆ ಹೊಗೇನಕಲ್, ರಾಯಕೋಟೆಯ ದುರ್ಗ. ಗಡಿ ದಾಟಿದರೆ ಆನೇಕಲ್ ಹತ್ತಿರದ ಮುತ್ಯಾಲ ಮಡುವು. 2025ರ ಆಗಸ್ಟ್ 10ರಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಹಳದಿ ಮಾರ್ಗ ಬಂದಿದೆ. ಅಲ್ಲಿಯವರೆಗೆ ಬಸ್ಸು, ಆಮೇಲೆ ರೈಲು, ಲಾಲ್‌ಬಾಗು ಈಗ ಹತ್ತಿರ.

ಹೊಸೂರಿಗೆ ಅಂಟಿಕೊಂಡೇ ಇರುವ ಕೆಲವರಪಳ್ಳಿ ಅಣೆಕಟ್ಟು ಒಳ್ಳೇ ವಿಹಾರದ ಜಾಗ ಆಗಬೇಕಿತ್ತು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ತರುತ್ತೆ. ಮಳೆ ಜೋರಾಗಿ ಗೇಟು ತೆಗೆದರೆ ಬೆಳ್ಳನೆಯ ನೊರೆ ಹತ್ತಿಯ ರಾಶಿಯಂತೆ ಏಳುತ್ತೆ. ಫೋಟೋಗೆ ಚೆಂದ, ಗದ್ದೆಗೆ ವಿಷ. ಬೆಂಗಳೂರಿಗೆ ನಾವು ಗುಲಾಬಿ ಕಳಿಸ್ತೀವಿ, ಬೆಂಗಳೂರು ನಮಗೆ ನೊರೆ ಕಳಿಸುತ್ತೆ ಅನ್ನೋ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಗಡಿ ದಾಟುವ ಜೋಡಿಗಳು ಬರೀ ಜಾಗ ನೋಡೋಕೆ ದಾಟೋದಿಲ್ಲ. ಊರಿನ ಕಣ್ಣು ತಪ್ಪಿಸೋಕೂ ದಾಟುತ್ತಾರೆ. ಇದನ್ನು ನಗೆಯ ಮಾತಾಗಿ ಬಿಡುವಂತಿಲ್ಲ. ಜಾತಿ ಮೀರಿ ಮದುವೆಯಾದ ಕಾರಣಕ್ಕೇ ಕೊಲೆ ನಡೆದ ಪ್ರಕರಣ ಇದೇ ಕೃಷ್ಣಗಿರಿ ಜಿಲ್ಲೆಯವರಲ್ಲಿ 2018ರಲ್ಲೂ ಆಯಿತು, 2023ರಲ್ಲೂ ಆಯಿತು. ಕೈಯೆತ್ತಿದವರು ಹೊರಗಿನವರಲ್ಲ, ಸ್ವಂತ ಮನೆಯವರು. ಪ್ರೀತಿಯ ಹೂವನ್ನು ಕಡ್ಡಿ ಅಳೆದು ರೇಟು ಕಟ್ಟಿ ಮಾರುವ ನಾವು, ಮನೆಯ ಮಕ್ಕಳ ಪ್ರೀತಿಗೆ ಇಂಥ ಬೆಲೆ ಕಟ್ಟಿದರೆ ಯಾವ ಮುಖ ಹೊತ್ತು ವ್ಯಾಪಾರ ಮಾಡೋಣ?

ತಿಳಿದಿರಲಿ: ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದರೆ 1954ರ ವಿಶೇಷ ವಿವಾಹ ಕಾಯಿದೆಯಡಿ 30 ದಿನದ ನೋಟಿಸು ಕೊಟ್ಟು ಜಾತಿ, ಧರ್ಮದ ಹಂಗಿಲ್ಲದೆ ಮದುವೆಯಾಗಬಹುದು. ಇಂಥ ದಂಪತಿಗೆ ರಕ್ಷಣೆ ಕೊಡಬೇಕು, ಜಿಲ್ಲೆಗಳಲ್ಲಿ ಅದಕ್ಕೆಂದೇ ವಿಶೇಷ ಘಟಕ ಇರಬೇಕು ಎಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 27ರಂದು ಹೇಳಿದೆ. ಪಂಚಾಯಿತಿ ಕಟ್ಟೆಯ ತೀರ್ಪು ಕಾನೂನಲ್ಲ.

ಕೊನೆಗೆ ಲೆಕ್ಕ

ಮತ್ತೆ ಮೊದಲಿನ ಪ್ರಶ್ನೆ. ಗುಲಾಬಿ ನಮ್ಮದು, ಹಬ್ಬ ಯಾರದು? ಬೀದಿಯಾಟಕ್ಕೆ ಟಿಕೆಟ್ಟಿಲ್ಲ. ಊರವರು ಮನೆಗಿಷ್ಟು ಅಂತ ವಂತಿಗೆ ಎತ್ತಿ, ತಂಡಕ್ಕೆ ವೀಳ್ಯ ಕೊಟ್ಟು ಗೊತ್ತು ಮಾಡಬೇಕು. ಹೂವಿಗೆ ರೇಟು ಸಿಕ್ಕ ವರ್ಷ ವಂತಿಗೆ ತಾನಾಗಿ ಬರುತ್ತೆ. ರೇಟು ಬಿದ್ದ ವರ್ಷ ಮೊದಲು ನಿಲ್ಲೋದೇ ಆಟ. ಅಂದಮೇಲೆ ಸಿಂಗಪುರದ ಯಾವುದೋ ಹುಡುಗಿಯ ಕೈಗೆ ಹೋದ ಒಂದು ಕೆಂಪು ಕಡ್ಡಿಯಲ್ಲಿ ನಮ್ಮೂರ ಭೀಮನ ಗದೆಯ ಪಾಲೂ ಇದೆ, ಕೋಡಂಗಿಯ ಕೂಲಿಯೂ ಇದೆ.

ಹಾಗಾಗಿ ಈ ವಾರದ ವ್ಯಾಪಾರದಲ್ಲಿ ನಾಲ್ಕು ಕಾಸು ಮಿಕ್ಕಿದರೆ ಆಟದ ವಂತಿಗೆಗೂ ಒಂದು ಪಾಲು ಎತ್ತಿಡಿ. ಮಂಟಪಕ್ಕೆ ಪ್ಲಾಸ್ಟಿಕ್ ಬೇಡ, ತೋಟದ ಹೂವೇ ಇರಲಿ ಅನ್ನಿ. ಮಗನೋ ಮಗಳೋ ಒಂದು ಹೂ ಹಿಡಿದು ಮನೆಗೆ ಬಂದರೆ ದೊಣ್ಣೆ ಹುಡುಕಬೇಡಿ, ಕೂರಿಸಿ ಮಾತಾಡಿಸಿ. ಆ ಹೂ ಯಾರ ತೋಟದ್ದು ಅಂತ ಕೇಳಿ ನೋಡಿ. ನಿಮ್ಮದೇ ಇದ್ದೀತು!